ಫಕ್ಕೀರಪ್ಪ ಮಿಸ್ತ್ರಿ ಮತ್ತು ಎಲೆ ಗಾಡಿಯ ನೀರು

ಇವತ್ತು ಎದ್ದವಳೇ ಅಂಗಳ ಗುಡಿಸಿ ಚಳೆ ಹೊಡೆದೆ. ನಳ ಬಂದಿತ್ತು, ಹಂಡೆ, ಕೊಡ, ಬಕೆಟ್ಟು ಎಲ್ಲ ತುಂಬಿಸಿದೆ. ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಮಗುಚಿ ಹಾಕಿದೆ. ಹಾಲು ತರುವವಳಿಗೆ ಸಂಜೆ ಬರಬೇಡ, ನಾವು ಮನೆಯಲ್ಲಿರುವುದಿಲ್ಲ ಎಂದು ಹೇಳಿದೆ. ಹೊತ್ತೇರಿದ ಮೇಲೆ ನಮ್ಮ ಮನೆಯವರ ಜೊತೆ ಬಸ್ಸು ಹತ್ತಿ ಹಂಸಭಾವಿಗೆ, ಫಕ್ಕೀರಪ್ಪ ಮಿಸ್ತ್ರಿಯವರ ಮಣ್ಣಿಗೆ ಹೋಗಿ ಬಂದೆ. ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ಉಟ್ಟು ಹೋಗಿದ್ದ ಸೀರೆ ನೆನೆಹಾಕಿ, ದೇವರ ಮುಂದೆ ದೀಪ ಹಚ್ಚಿ, ಅಡುಗೆ ಮಾಡಿ ಬಡಿಸಿ, ಇದನ್ನು ಬರೆಯಲು ಕೂತೆ.

ಮಿಸ್ತ್ರಿಯವರೆಂದರೆ ನನಗೆ ಮೊದಲು ನೆನಪಾಗುವುದು ಕಂಕುಳಲ್ಲಿ ಸಿಕ್ಕಿಸಿಕೊಂಡ ಅವರ ಎರಡು ಕೈಗಳು. ನಟ್ಟು ತಿರುವುವ ಪಾನಾ ಹಿಡಿದ ಕೈಗಳಲ್ಲ. ಶಿಗ್ಗಾಂವದ ಬೈಪಾಸಿನ ಪಕ್ಕ, ಮಕ್ತುಮಸಾಬರ ಚಹಾದಂಗಡಿಗೆ ಬೆನ್ನು ಹಚ್ಚಿಕೊಂಡಿತ್ತು ಅವರ ಗ್ಯಾರೇಜು. ತಗಡಿನ ಮಾಡು, ಡೀಸೆಲ್ ಕುಡಿದು ಕಪ್ಪಾದ ನೆಲ. ಚಳಿಗಾಲದಲ್ಲಿ ಬೆಳಕು ಹರಿಯುವ ಹೊತ್ತಿಗೆ ಒಂದಾದರೂ ಲಾರಿ ಚಾಲೂ ಆಗದೆ, ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಬಂದು ಅಲ್ಲಿ ನಿಂತಿರುತ್ತಿತ್ತು. ಡ್ರೈವರ್ ಗೋಗರೆಯುತ್ತಿರುತ್ತಿದ್ದ. ಮಿಸ್ತ್ರಿ ಮಾತ್ರ ಉಣ್ಣೆಯ ಟೊಪ್ಪಿಗೆಯನ್ನು ಕಿವಿಯ ಕೆಳಗೆಳೆದುಕೊಂಡು, ಕೈಗಳನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು, “ಮೊದಲ ನಿನ್ನ ತಪ್ಪು ಹೇಳು” ಎನ್ನುತ್ತಿದ್ದರು.

ಅದು ಅವರ ಪದ್ಧತಿ. ಥಂಡಿಗೆ ಗಾಡಿ ಚಾಲೂ ಆಗದಿದ್ದರೆ ಯಾವ ಡ್ರೈವರೂ ನೆಟ್ಟಗೆ ಗ್ಯಾರೇಜಿಗೆ ಬರುವುದಿಲ್ಲ. ನಿಂತಲ್ಲೇ ಏನಾದರೊಂದು ಮಾಡಿರುತ್ತಾನೆ. ಒಂದು ನಟ್ಟು ಸಡಿಲಿಸಿರುತ್ತಾನೆ, ಒಂದು ವಾಯರು ಕಿತ್ತು ಇನ್ನೊಂದಕ್ಕೆ ಹಚ್ಚಿರುತ್ತಾನೆ. ಗಾಡಿಗೆ ಮೊದಲಿದ್ದ ರೋಗದ ಮೇಲೆ ತನ್ನದೊಂದನ್ನು ಕೂಡಿಸಿ ತಂದಿರುತ್ತಾನೆ. ಅವೆರಡನ್ನೂ ಬೇರೆ ಮಾಡಬೇಕಾದರೆ ಅವನು ಬಾಯಿ ಬಿಡಬೇಕು. ಇಷ್ಟರ ಮಟ್ಟಿಗೆ ಮಿಸ್ತ್ರಿ ಕೇಳುವುದು ಸರಿಯೇ. ಆದರೆ ಅವರು ಅದನ್ನು ಪಕ್ಕಕ್ಕೆ ಕರೆದು ಕೇಳುತ್ತಿರಲಿಲ್ಲ. ಚಹಾ ಕುಡಿಯುತ್ತ ಕೂತವರಿಗೆಲ್ಲ ಕೇಳುವಂತೆ ಹೇಳಿಸುತ್ತಿದ್ದರು. ಹೇಳುವ ತನಕ ಕೈ ಕಂಕುಳಿಂದ ಈಚೆ ಬರುತ್ತಿರಲಿಲ್ಲ.

ಹಾನಗಲ್ಲಿನ ಕಡೆಯ ಒಬ್ಬ ಡ್ರೈವರ್ ಒಮ್ಮೆ ಹೊಟ್ಟಿನ ಲಾರಿ ತಂದು ನಿಂತಿದ್ದ.

“ಏನಿಲ್ರೀ, ಗಾಳಿ ಎಳಕೊಳ್ಳೋ ಪೈಪಿಗೆ ಪೆಟ್ರೋಲಿನ್ಯಾಗ ಅದ್ದಿದ ಅರಿವಿ ಹಿಡಿದಿದ್ದೆ” ಎಂದ ಮೆಲ್ಲಗೆ.

“ಗಟ್ಟಿ ಹೇಳು. ಮಕ್ತುಮನ ಕಿವಿ ಮಂದ ಅದಾವು.”

“ಪೆಟ್ರೋಲಿನ ಅರಿವಿ ಹಿಡಿದಿದ್ದೆ ರೀ!”

“ಕೇಳಿದ್ರೇನ್ರಪ್ಪಾ? ಮುಂಜಾನೆದ್ದು ಇಂಜಿನ್ನಿಗೆ ಹೆಂಡದ ವಾಸನಿ ತೋರಿಸ್ಯಾನ. ಇನ್ನ ಮ್ಯಾಲ ಅದು ದಿನಾ ಹಾಸಿಗಿ ಬಿಟ್ಟು ಏಳಬೇಕಂದ್ರ ಅದನ್ನ ಬೇಡತೈತಿ. ನಿಮ್ಮಪ್ಪ ಬೇಡತಿದ್ನಲ್ಲ, ಹಂಗ.”

ಆ ಡ್ರೈವರನ ಅಪ್ಪ ಕುಡಿದೇ ಸತ್ತದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಜನ ನಕ್ಕರು. ಅವನೂ ನಕ್ಕ. ನಗದೆ ಮುಖ ಕೆಡಿಸಿಕೊಂಡವರ ಗಾಡಿಗೆ ಪಾನಾ ಏಳುತ್ತಿರಲಿಲ್ಲ.

ಇನ್ನೊಬ್ಬ, ತಡಸದವನು, “ನಾ ಏನೂ ಮುಟ್ಟಿಲ್ಲ” ಎಂದು ಹಟ ಹಿಡಿದ. ಮಿಸ್ತ್ರಿ ವಾದ ಮಾಡಲಿಲ್ಲ. ಬೇರೆ ಗಾಡಿಗಳ ಕೆಲಸ ಮಾಡಿಕೊಂಡರು. ಬಿಸಿಲು ಏರಿತು, ಬಾನೆಟ್ಟಿನ ತಗಡು ಕಾಯಿತು, ಮಧ್ಯಾಹ್ನದ ಹೊತ್ತಿಗೆ ಲಾರಿ ತಾನಾಗಿಯೇ ಚಾಲೂ ಆಯಿತು. “ನಿನ್ನ ಗಾಡಿ ಸೂರ್ಯಪ್ಪ ರಿಪೇರಿ ಮಾಡಿದ. ಆತಗ ಕೈ ಮುಗದು ಹೋಗು. ನಾಳೆ ಮುಂಜಾನೆ ಮತ್ತ ಬರ್ತೀಯಲ್ಲ, ಆವಾಗ ಹೇಳೀಯಂತ” ಎಂದರು. ಮರುದಿನ ಅವನು ಬಂದ. ಬ್ಯಾಟರಿ ಹಳೆಯದಾಗಿದ್ದರೂ ಮಾಲೀಕನಿಗೆ ಹೊಸದು ಹಾಕಿದ್ದೇನೆಂದು ಹೇಳಿದ್ದನ್ನು ಒಪ್ಪಿಕೊಂಡ, ಎಲ್ಲರ ಮುಂದೆ.

ಕೆಲಸ ಅವರಿಗೆ ಗೊತ್ತಿತ್ತು, ಅದರಲ್ಲಿ ಮಾತಿಲ್ಲ. ಬಾಯಿ ಬಿಡಿಸಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಸೆಲ್ಫ್ ಹೊಡೆದಾಗ ಹೊಗೆ ಬಂತೋ ಇಲ್ಲವೋ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಇಂಜಿನ್ನಿನ ತನಕ ಬಂದಿಲ್ಲ, ಪೈಪಿನಲ್ಲಿ ಗಾಳಿ ಸೇರಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಬಂದಿದೆ, ಆದರೆ ಉರಿಯುತ್ತಿಲ್ಲ. ಚಳಿ ಹಿಡಿದಿದೆ, ಇಲ್ಲವೆ ಡೀಸೆಲ್ಲಿನಲ್ಲೇ ಏನೋ ಇದೆ. ಆಮೇಲೆ ಕೈಗಳು ಕಂಕುಳಿಂದ ಈಚೆ ಬರುತ್ತಿದ್ದವು. ಆ ಕೈಗಳನ್ನು ನೋಡುತ್ತಿದ್ದರೆ ಅದೇ ಮನುಷ್ಯನದು ಆ ಬಾಯಿ ಎಂದು ಯಾರೂ ಹೇಳುತ್ತಿರಲಿಲ್ಲ. ಪೈಪನ್ನು ಸಡಿಲಿಸುವಾಗ ಬಾಣಂತಿ ಕೂಸಿನ ಕುತ್ತಿಗೆ ಹಿಡಿದಂತೆ ಹಿಡಿಯುತ್ತಿದ್ದರು.

ನಮ್ಮ ಮನೆಯವರು ಆಗ ಸವಣೂರಿನ ಒಬ್ಬ ಎಲೆ ಸಾಹುಕಾರರ ಲಾರಿ ಓಡಿಸುತ್ತಿದ್ದರು. ಸಂಜೆ ಸವಣೂರಿನಲ್ಲಿ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು, ಒದ್ದೆ ಗೋಣಿಚೀಲ ಹೊದಿಸಿಕೊಂಡು ಬಂದು ಶಿಗ್ಗಾಂವದಲ್ಲಿ ನಮ್ಮ ಮನೆಯ ಎದುರಿಗೆ ನಿಲ್ಲಿಸುತ್ತಿದ್ದರು. ನಸುಕಿನಲ್ಲಿ ಹುಬ್ಬಳ್ಳಿ ಪೇಟೆಗೆ ಬಿಡಬೇಕು. ಆ ವರ್ಷ ಚಳಿ ಜೋರಾಗಿತ್ತು. ಗಾಡಿ ದಿನಾ ಬೆಳಗ್ಗೆ ಸತಾಯಿಸುತ್ತಿತ್ತು. ಕೀಲಿ ತಿರುವಿದರೆ ಇಂಜಿನ್ನು ತಿರುಗುತ್ತದೆ, ಹಿಂದೆ ಬಿಳಿ ಹೊಗೆ ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಇವರು ಬ್ಯಾಟರಿಯ ತುದಿಗಳನ್ನು ಉಜ್ಜಿದರು. ಕೈಪಂಪು ಒತ್ತಿ ಒತ್ತಿ ಪೈಪಿನ ಗಾಳಿ ತೆಗೆದರು. ನಾನು ಹಂಡೆಯ ಬಿಸಿನೀರು ತಂದು ಕೊಡುತ್ತಿದ್ದೆ. ಅದನ್ನು ಪೈಪಿನ ಮೇಲೆ ಹನಿಸುತ್ತಿದ್ದರು. ಓಣಿಯವರು ಬಂದು ದಬ್ಬುತ್ತಿದ್ದರು. ಕೊನೆಗೆ ಕೆಮ್ಮಿ ಕೆಮ್ಮಿ ಹೊರಡುತ್ತಿತ್ತು. ಒಂದು ದಿನ ಅದೂ ಆಗಲಿಲ್ಲ.

ಟ್ರ್ಯಾಕ್ಟರಿಗೆ ಕಟ್ಟಿ ಮಿಸ್ತ್ರಿಯವರ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಫೋನ್ ಮಾಡಿದ್ದಕ್ಕೆ ಸಾಹುಕಾರರೂ ಸವಣೂರಿನಿಂದ ಬೈಕಿನ ಮೇಲೆ ಬಂದಿದ್ದರು. ಇವರು ಏನೂ ತಿನ್ನದೆ ಹೋಗಿದ್ದರಲ್ಲ ಎಂದು ನಾನು ಬುತ್ತಿ ಕಟ್ಟಿಕೊಂಡು ಹೋದೆ. ಹಾಗಾಗಿ ಮುಂದಿನದನ್ನು ಯಾರೋ ಹೇಳಿ ಕೇಳಿದವಳಲ್ಲ, ಕಣ್ಣಾರೆ ಕಂಡವಳು.

“ಹೇಳು ಶೇಖಪ್ಪಾ, ನಿನ್ನ ತಪ್ಪು ಏನು?”

ಇವರು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಬ್ಯಾಟರಿ ಉಜ್ಜಿದ್ದು, ಗಾಳಿ ತೆಗೆದದ್ದು, ಬಿಸಿನೀರು ಹನಿಸಿದ್ದು.

“ಇಷ್ಟ ಅಲ್ಲ. ಇನ್ನೊಂದೈತಿ.”

“ಇಲ್ರೀ ಮಿಸ್ತ್ರಿ. ಇಷ್ಟ ಮಾಡೇನಿ.”

ಮಿಸ್ತ್ರಿ ಮಕ್ತುಮಸಾಬರ ಅಂಗಡಿಯಿಂದ ಒಂದು ಚಹಾದ ಗ್ಲಾಸು ತರಿಸಿದರು. ಡೀಸೆಲ್ ಫಿಲ್ಟರಿನ ತಳದ ನಟ್ಟು ಸಡಿಲಿಸಿ ಗ್ಲಾಸಿಗೆ ಬಿಟ್ಟುಕೊಂಡರು. ಆಗ ತಾನೇ ಏಳುತ್ತಿದ್ದ ಸೂರ್ಯನಿಗೆ ಅದನ್ನು ಎತ್ತಿ ಹಿಡಿದರು. ಮೇಲೆ ತೆಳ್ಳಗೆ ಡೀಸೆಲ್ಲು, ಕೆಳಗೆ ನೀರು. ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು.

“ಏನ್ರಿ ಇದು?” ಎಂದರು ಸಾಹುಕಾರರು.

“ರಾತ್ರಿ ಗಾಡಿ ನಿಂತಾಗ ನೀರು ತಳಕ್ಕ ಇಳೀತೈತಿ. ಮುಂಜಾನೆ ಮೊದಲನೇ ಗುಟುಕು ಅದ ಹೋಗತೈತಿ. ಅದಕ್ಕ ಥಂಡ್ಯಾಗ ಹೊತ್ತಂಗಿಲ್ಲ. ಅದು ಬಿಡ್ರಿ, ನೀರು ಹೆಂಗ ಬಂತು ಅದನ್ನ ಕೇಳ್ರಿ. ನಿಮ್ಮ ಡೀಸೆಲ್ ಮಾರಿಕೊಂಡು ನಿಮ್ಮ ಗಾಡಿಗೆ ನೀರು ಕುಡಿಸ್ಯಾನ ಇಂವ.”

“ಹಂಗ ಮಾಡಿಲ್ರೀ!” ಎಂದರು ಇವರು. “ಸಾಹುಕಾರ್ರ ಹಿತ್ತಲದಾಗಿನ ಡ್ರಮ್ಮಿನಿಂದ ತುಂಬಿಸಿಕೊಂಡು ಬಂದೇನಿ. ಅಲ್ಲೆ ತುಂಬಿಸಿದ್ದು, ಇಲ್ಲೆ ನಿಲ್ಲಿಸಿದ್ದು. ನಡುವ ಯಾರೂ ಮುಟ್ಟಿಲ್ಲ.”

“ಓಹೋ, ಈಗ ಸಾಹುಕಾರ್ರ ಡ್ರಮ್ಮಿಗೆ ಹಚ್ಚಿದೀ? ನೀರಿಗೇನ ಕಾಲು ಅದಾವೇನಲೇ, ಡ್ರಮ್ ಹತ್ತಿ ಒಳಗ ಇಳ್ಯಾಕ?”

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಒಬ್ಬನಿಗೆ ಚಹಾ ನೆತ್ತಿಗೇರಿತು. ಸಾಹುಕಾರರು ನಗಲಿಲ್ಲ; ಕೈ ಚಾಚಿ ಗಾಡಿಯ ಕೀಲಿ ಇಸಿದುಕೊಂಡರು. ನಾನು ಬುತ್ತಿಯ ಗಂಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಮಿಸ್ತ್ರಿ ನನ್ನನ್ನು ನೋಡಿ, “ಬಿಸಿ ರೊಟ್ಟಿ ತಂದೀಯೇನವಾ? ಅಂವಗ ಕೊಡು. ಇನ್ನ ಮ್ಯಾಲ ಉಣ್ಣಾಕ ಪುರಸೊತ್ತ ಪುರಸೊತ್ತು” ಎಂದರು. ಜನ ಮತ್ತೊಮ್ಮೆ ನಕ್ಕರು.

ಆಮೇಲೆ ಈ ಸುತ್ತಮುತ್ತ ಯಾರೂ ಇವರ ಕೈಗೆ ಗಾಡಿ ಕೊಡಲಿಲ್ಲ. ಶಿಗ್ಗಾಂವ, ಸವಣೂರು, ಹಾನಗಲ್ಲು, ಹಿರೇಕೆರೂರು, ಲಾರಿ ಹೋದಲ್ಲೆಲ್ಲ ಮಾತು ಹೋಗಿತ್ತು. ‘ನೀರಿನ ಶೇಖಪ್ಪ’ ಎಂಬ ಹೆಸರು ಬಿತ್ತು. ಇವರು ಕಾಳಿನ ಪೇಟೆಯಲ್ಲಿ ಚೀಲ ಹೊತ್ತರು. ಮೆಕ್ಕೆಜೋಳದ ಧೂಳಿಗೆ ಮೈಯೆಲ್ಲ ಕೆರೆದುಕೊಳ್ಳುತ್ತಿದ್ದರು. ಮನೆಗೆ ಬಂದು ಗೋಡೆಗೆ ಆತು ಕೂತರೆ ಏಳುತ್ತಿರಲಿಲ್ಲ.

ಚಳಿ ಇನ್ನೂ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಮಿಸ್ತ್ರಿ ನಮ್ಮ ಮನೆಗೆ ಬಂದರು. ಇವರು ಪೇಟೆಗೆ ಹೋಗಿದ್ದರು. “ಒಳಗ ಬರ್ಲೇನವಾ?” ಎಂದು ಕೇಳಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ಬಾಗಿಲು ಮುಂದೆ ಮಾಡಲು ಹೇಳಿದರು. ನಾನು ಪೂರ್ತಿ ಮುಚ್ಚಲಿಲ್ಲ, ಅರ್ಧ ಮಾಡಿದೆ.

“ಆ ಎಲಿ ಗಾಡಿ ಹೊಸ ಡ್ರೈವರಗೂ ಚಾಲೂ ಆಗವಲ್ದು. ಮತ್ತ ನನ್ನ ಹಂತ್ಯಾಕ ತಂದಿದ್ರು. ಮತ್ತ ಅಷ್ಟ ನೀರು.”

ನಾನು ಒಲೆಯ ಮೇಲಿದ್ದ ಪಾತ್ರೆ ಇಳಿಸಿದೆ.

“ಸವಣೂರಿಗೆ ಹೋಗಿ ನೋಡಿದೆ. ಹಿತ್ತಲದಾಗ ಎಲಿಗೆ ನೀರು ಚಿಮುಕಸ್ತಾರಲ್ಲ, ಅಲ್ಲೇ ಐತಿ ಡ್ರಮ್ಮು. ನೆಟ್ಟಗ ನಿಲ್ಲಿಸ್ಯಾರ, ಬಾಯಿ ಮುಚ್ಚೋ ಬಿರಡಿ ಮ್ಯಾಲ ಮಾಡಿ. ಅದರ ತಲಿ ಮ್ಯಾಲ ಹಸಿ ಗೋಣಿಚೀಲ, ಎಲಿ ಬುಟ್ಟಿ. ನೀರು ಇಳದು ಇಳದು ಬಿರಡಿ ಸುತ್ತ ನಿಂತೈತಿ. ಹಗಲೊತ್ತು ಬಿಸಿಲಿಗೆ ಡ್ರಮ್ಮು ಉಸಿರು ಬಿಡತೈತಿ, ರಾತ್ರಿ ಥಂಡಿಗೆ ಎಳಕೋತೈತಿ. ಉಸಿರಿನ ಕೂಡ ನೀರೂ ಒಳಗ. ಎಲ್ಲಾರ ಮನ್ಯಾಗೂ ಡ್ರಮ್ ಇರತಾವು ಖರೆ, ಅದರ ತಲಿ ಮ್ಯಾಲ ದಿನಾ ನೀರು ಹೊಡಿಯೋರು ಈ ಎಲಿ ಮಂದಿ ಅಷ್ಟ. ಮಾಡಿನ ಕೆಳಗ ಅಡ್ಡ ಮಲಗಸ್ರಿ ಅಂತ ಹೇಳಿ ಬಂದೆ. ಈಗ ಗಾಡಿ ಒಂದ ಸೆಲ್ಫಿಗೆ ಏಳತೈತಿ.”

“ಅಂದ್ರ ನಮ್ಮವರು ಮಾರಿಕೊಂಡಿದ್ದಿಲ್ಲ.”

“ಇಲ್ಲವಾ. ನಿನ್ನ ಗಂಡ ಕಳ್ಳ ಅಲ್ಲ.”

ಅವರು ಅದನ್ನು ಇವತ್ತು ಮೋಡ ಇದೆ ಎನ್ನುವಂತೆ ಹೇಳಿದರು. ನಾನು ಅವರನ್ನು ಬೇರೇನೂ ಕೇಳಲಿಲ್ಲ, ಒಂದನ್ನೇ ಕೇಳಿದೆ: “ಮಿಸ್ತ್ರಿಯವರ, ಇದನ್ನ ಚಹಾದಂಗಡಿ ಮುಂದ ಹೇಳ್ರಿ. ಅವತ್ತು ಎಷ್ಟು ಗಟ್ಟಿ ಹೇಳಿದ್ರಿ, ಅಷ್ಟ ಗಟ್ಟಿ ಹೇಳ್ರಿ.”

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

“ಅಲ್ಲಿ ಹೇಳಿದ್ರ ನಾಳೆ ನನ್ನ ಮಾತು ಯಾರು ಕೇಳ್ತಾರವಾ? ನಾ ತಪ್ಪು ಹೇಳು ಅಂದ್ರ, ಮೊದಲ ನಿನ್ನದು ಹೇಳು ಅಂತಾರ. ನಾಳೆಯಿಂದ ಶೇಖಪ್ಪನ್ನ ಗ್ಯಾರೇಜಿಗೆ ಕಳಸು. ಕೆಲಸ ಕಲಸ್ತೇನಿ. ಚೀಲ ಹೊರೂದು ಬ್ಯಾಡ.” ಎದ್ದು ನಿಂತರು. ಒಲೆಯ ಕಡೆ ಬಗ್ಗಿ ನೋಡಿ, “ಏನ ಪಲ್ಯಾ ಅದು? ಬ್ಯಾಟರಿ ನೀರಿನಂಗ ಐತಿ. ಒಂದೀಟು ಖಾರ ಹಾಕು” ಎಂದು ಹೇಳಿ ಹೋದರು.

ಸಂಜೆ ಇವರಿಗೆ ಎಲ್ಲ ಹೇಳಿದೆ. ಸಿಟ್ಟು ಬರುತ್ತದೆ, ಏನಾದರೂ ಎತ್ತಿ ಒಗೆಯುತ್ತಾರೆ ಅಂದುಕೊಂಡಿದ್ದೆ. “ನಾ ಕದ್ದಿಲ್ಲ ಅಂತ ನನಗ ಗೊತ್ತಿರಲಿಲ್ಲೇನು?” ಎಂದರು. ಆಮೇಲೆ, “ದಿನಾ ಕಣ್ಣ ಮುಂದ ಇದ್ರ ಒಂದಿನ ಹೇಳ್ಯಾನು” ಎಂದರು. ಮರುದಿನ ಗ್ಯಾರೇಜಿಗೆ ಹೋದರು.

ಕಲಿಸುವುದರಲ್ಲಿ ಮಿಸ್ತ್ರಿ ಕೈ ಬಿಗಿ ಹಿಡಿಯಲಿಲ್ಲ. ಇವರಿಗೆ ಹೊಗೆ ನೋಡಲು ಕಲಿಸಿದರು, ಡೀಸೆಲ್ ಚಿಮ್ಮುವ ನಾಜಲ್ಲಿನ ಸದ್ದು ಕೇಳಲು ಕಲಿಸಿದರು. ಹೀಟರಿಗೆ ಕರೆಂಟು ಬರುತ್ತಿದೆಯೋ ಇಲ್ಲವೋ ಬೆರಳ ತುದಿಯಿಂದ ಬಿಸಿ ನೋಡಿ ಹೇಳಲು ಕಲಿಸಿದರು. ಆ ಬೆರಳಿನ ಚರ್ಮ ಈಗಲೂ ದಪ್ಪ. ನಮಗೆ ಜ್ವರ ಬಂದರೆ ಮಕ್ತುಮಸಾಬರ ಕೈಯಲ್ಲಿ ಗುಳಿಗೆ ಕಳಿಸುತ್ತಿದ್ದರು. ಸೋಮವಾರಕ್ಕೊಮ್ಮೆ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದರು. ಉಂಡು, ಬಯ್ದು, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ಹೆಂಡತಿ ಸತ್ತು, ಮಗಳನ್ನು ಹಿರೇಕೆರೂರಿಗೆ ಕೊಟ್ಟ ಮೇಲೆ ಅವರಿಗೆ ಬಿಸಿ ರೊಟ್ಟಿ ಸಿಗುತ್ತಿದ್ದದ್ದು ಅಂದು ಮಾತ್ರ. ಅವರು ಬರುವುದು ತಡವಾದರೆ ನನಗೇ ಬಾಗಿಲಿಗೆ ಹೋಗಿ ನೋಡುವಂತಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗಿತ್ತು.

ಇತ್ತ, ಹೊಸ ಡ್ರೈವರ್ ಯಾರೇ ಬಂದು ತಪ್ಪು ಹೇಳಲು ಹಿಂದೆ ಮುಂದೆ ನೋಡಿದರೂ ಮಿಸ್ತ್ರಿ ಗ್ಲಾಸಿನ ಕಥೆ ತೆಗೆಯುತ್ತಿದ್ದರು. “ಈ ಶೇಖಪ್ಪನ್ನ ನೋಡು. ಇಂವನೂ ನಿನ್ನಂಗ, ಏನೂ ಮಾಡಿಲ್ಲ ಅಂದಿದ್ದ. ಚಹಾದ ಗ್ಲಾಸಿನ್ಯಾಗ ಹಿಡದು ತೋರಿಸಿದೆ. ಈಗ ನೋಡು, ಕುರಿಯಂಗ ಕೆಲಸ ಮಾಡತಾನ. ಆದರೂ ಟ್ಯಾಂಕಿನ ಹಂತ್ಯಾಕ ಬಿಡಬ್ಯಾಡ್ರೀ ಇಂವನ್ನ!” ಜನ ನಗುತ್ತಿದ್ದರು. ಇಂಜಿನ್ನಿನ ಕೆಳಗೆ ಮಲಗಿದ್ದ ಇವರೂ ನಗುತ್ತಿದ್ದರು. ಕೆಳಗಿನಿಂದ ಬರುವ ನಗು ಹೇಗಿರುತ್ತದೆ ಎಂದು ಬುತ್ತಿ ಕೊಡಲು ಹೋದಾಗ ನಾನು ಕೇಳಿದ್ದೇನೆ. ಮೊದಮೊದಲು ಸಂಜೆ ಬಂದ ಕೂಡಲೇ, “ಇವತ್ತ ಹೇಳಿದ್ರೇನು?” ಎಂದು ಕೇಳುತ್ತಿದ್ದೆ. ಇವರು ತಲೆಯಾಡಿಸುತ್ತಿದ್ದರು. ಬರಬರುತ್ತ ಕೇಳುವುದನ್ನು ಬಿಟ್ಟೆ.

ನಮ್ಮ ಮಗಳನ್ನು ನೋಡಲು ಹಾನಗಲ್ಲಿನಿಂದ ಒಂದು ಮನೆತನದವರು ಬಂದಿದ್ದರು. ಹುಡುಗ ಒಳ್ಳೆಯವನು, ನಮ್ಮ ಹುಡುಗಿಯ ಮನಸ್ಸಿಗೂ ಬಂದಿದ್ದ. ಅವಲಕ್ಕಿ ತಿಂದರು, ಹುಡುಗಿಯನ್ನು ಮಾತಾಡಿಸಿದರು, ಬರುವ ವಾರ ನೀವು ಬರ್ರಿ ಎಂದರು. ವಾಪಸು ಹೋಗುವಾಗ ಬೈಪಾಸಿನಲ್ಲಿ ಚಹಾಕ್ಕೆ ನಿಂತರಂತೆ. ಮಿಸ್ತ್ರಿ ಅವತ್ತೂ ಯಾರಿಗೋ ಆ ಕಥೆ ಹೇಳುತ್ತಿದ್ದರಂತೆ. ಮರುದಿನ ಫೋನು ಬಂತು. ಹುಡುಗನಿಗೆ ಇಷ್ಟರಲ್ಲೇ ಮದುವೆ ಮಾಡುವುದಿಲ್ಲ ಎಂದರು. ಹಿಂದಿನಿಂದ ಯಾರೋ ಹೆಂಗಸು, “ಆ ನೀರಿನ ಶೇಖಪ್ಪನ ಮನಿ ಅಂತ ಮೊದಲ ಹೇಳಬಾರದಾ?” ಎನ್ನುವುದು ಕೇಳಿಸಿತು. ಫೋನು ಹಿಡಿದಿದ್ದವಳು ಮಗಳು.

ನಾನು ನೆಟ್ಟಗೆ ಗ್ಯಾರೇಜಿಗೆ ಹೋಗಿ ಮಿಸ್ತ್ರಿಯವರಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಕೇಳಿದರು. “ಚಹಾದಂಗಡಿ ಮಾತು ಕೇಳಿ ಹೆಣ್ಣು ಬಿಡೋ ಮಂದಿ ಮನಿಗೆ ಹೋಗಿದ್ರ ಆಕಿ ಏನ ಸುಖಾ ಪಡತಿದ್ದಳು? ತಪ್ಪಿದ್ದ ಚಲೋ ಆತು” ಎಂದರು. ಮಗಳ ಮದುವೆ ಆಮೇಲೆ ದೂರದ ಊರಿನಲ್ಲಿ ಆಯಿತು, ನಮ್ಮ ಹೆಸರು ಗೊತ್ತಿರದ ಕಡೆ. ಮಿಸ್ತ್ರಿ ಬಂದು ಅಕ್ಕಿಕಾಳು ಹಾಕಿ, ಪಂಕ್ತಿಯಲ್ಲಿ ಕೂತು, ಸಾರು ತೆಳ್ಳಗಾಗಿದೆ ಎಂದು ಬಯ್ದು ಉಂಡರು.

ಹೋದ ಮಳೆಗಾಲದಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಗ್ಯಾರೇಜು ಇವರ ಕೈಗೆ ಬಿಟ್ಟು ಹಿರೇಕೆರೂರಿಗೆ ಮಗಳ ಮನೆಗೆ ಹೋದರು. ಈ ಚಳಿಗಾಲ ಶುರುವಾದಾಗ ನಾವಿಬ್ಬರೂ ನೋಡಲು ಹೋಗಿದ್ದೆವು. ಅದೇ ಕೊನೆಯ ಭೇಟಿ. ಮೈ ಒಣಗಿ, ಟೊಪ್ಪಿಗೆ ಕಣ್ಣಿನ ತನಕ ಇಳಿದಿತ್ತು. ಬಾಯಿ ಮಾತ್ರ ಹಾಗೆಯೇ ಇತ್ತು. “ಏನವಾ, ಗಂಟು ಕಟ್ಟಿಕೊಂಡು ಬಂದೀ? ಸಾಯೋರಿಗೂ ಬ್ಯಾಟರಿ ನೀರ ಕುಡಸ್ತೀಯೇನು?” ಎಂದರು. ಅವರ ಮಗಳು, ಅಳಿಯ, ಪಕ್ಕದ ಮನೆಯವರು, ನೋಡಲು ಬಂದಿದ್ದ ಒಬ್ಬಿಬ್ಬರು ಡ್ರೈವರರು ಇದ್ದರು. ಇದೇ ಸಮಯ ಅನ್ನಿಸಿತು. ಮಂಚದ ಹತ್ತಿರ ಕೂತು ಹೇಳಿದೆ:

“ಮಿಸ್ತ್ರಿಯವರ, ಎಲಿ ಗಾಡ್ಯಾಗ ನೀರು ಎಲ್ಲಿಂದ ಬಂದಿತ್ತು? ಇವರ ಮುಂದ ಒಂದ ಮಾತು ಹೇಳಿಬಿಡ್ರಿ.”

ಇವರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಮಿಸ್ತ್ರಿ ನನ್ನನ್ನೇ ನೋಡಿದರು. ಉಳಿದವರನ್ನು ಹೊರಗೆ ಹೋಗಲು ಹೇಳಿದರು. ಅವರು ಹೋದ ಮೇಲೆ ಮೆಲ್ಲಗೆ ಅಂದರು:

“ಆ ಗ್ಯಾರೇಜಿನ್ಯಾಗ ಏನೈತಿ? ತಗಡು, ನಾಕು ಪಾನಾ. ಮಂದಿ ಬರೂದು ಫಕ್ಕೀರಪ್ಪನ ಮಾತು ತಪ್ಪಂಗಿಲ್ಲ ಅಂತ. ಅದನ್ನ ನಿನ್ನ ಗಂಡಗ ಬಿಟ್ಟು ಹೊಂಟೇನಿ, ಅಳಿಯಗೂ ಹೇಳೇನಿ. ಈಗ ಕರೀಲೇನು ಅವರನ್ನ ಒಳಗ? ನನ್ನ ಮಾತು ತಪ್ಪಿತ್ತು ಅಂತ ಹೇಳಲೇನು? ನೀನ ಹೇಳು.”

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. “ಏಳು, ಬಸ್ಸು ತಪ್ಪತೈತಿ” ಎಂದರು. ನಾನು ಎದ್ದೆ. ಮಿಸ್ತ್ರಿ ಕಣ್ಣು ಮುಚ್ಚಿಕೊಂಡು, “ಜಾಣ ಅದಾನ ನಿನ್ನ ಗಂಡ” ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಇವತ್ತು ಅವರ ಹುಟ್ಟೂರು ಹಂಸಭಾವಿಯಲ್ಲಿ, ಅವರ ಹೊಲದಲ್ಲಿ ಕುಣಿ ತೋಡುವುದು ಇನ್ನೂ ಮುಗಿದಿರಲಿಲ್ಲ. ಗಂಡಸರು ಬೇವಿನ ಮರದ ಕೆಳಗೆ ಕೂತಿದ್ದರು, ಹೆಂಗಸರು ನಾವು ಬದುವಿನ ಮೇಲೆ. ಡ್ರೈವರರು ಬಹಳ ಜನ ಬಂದಿದ್ದರು. ಒಬ್ಬೊಬ್ಬರೂ ತಾವು ಉಗಿಸಿಕೊಂಡದ್ದನ್ನು ಹೇಳಿ ಹೇಳಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಮಕ್ತುಮಸಾಬರು ಗ್ಲಾಸಿನ ಕಥೆ ತೆಗೆದರು. “ಗ್ಲಾಸು ನನ್ನದಪ್ಪಾ, ನಾನ ಕೊಟ್ಟಿದ್ದು! ಸೂರ್ಯಾಗ ಹಿಂಗ ಎತ್ತಿ ಹಿಡಿದ ನೋಡ್ರಿ, ಹಾಲಿನ್ಯಾಗಿನ ನೀರು ಕಂಡಂಗ ಕಂಡಿತ್ತು.”

ಸವಣೂರಿನ ಕಡೆಯ ಒಬ್ಬ ಹೊಸ ಡ್ರೈವರ್, ತನ್ನ ಗಾಡಿ ಥಂಡಿಗೆ ಸತಾಯಿಸುತ್ತಿದೆ ಎಂದು ಆಗಲೇ ಹೇಳಿಕೊಂಡಿದ್ದವನು, ಇವರ ಕಡೆ ತಿರುಗಿದ. “ಖರೇನ ಹೌದೇನ್ರೀ ಶೇಖಪ್ಪಣ್ಣಾರ? ಮಂದಿ ಕಟ್ಟಿ ಹೇಳ್ತಾರ ಅನಕೊಂಡಿದ್ದೆ ನಾ.”

ಇವರನ್ನು ಆ ಪ್ರಶ್ನೆ ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಇಲ್ಲ ಎನ್ನುವುದು ಬಿಡಿ, ಸುಮ್ಮನಿದ್ದರೂ ಸಾಕಾಗಿತ್ತು ನನಗೆ. ಇವರ ಬಾಯಿ ಕಟ್ಟಿಹಾಕಿದ್ದ ಮನುಷ್ಯ ಅಲ್ಲೇ, ಕುಣಿಯ ಪಕ್ಕ ಕೂರಿಸಿದ ಹೆಣವಾಗಿ, ಹೂವಿನ ಕೆಳಗಿದ್ದರು.

“ಹೌದು ತಮ್ಮಾ” ಎಂದರು ಇವರು, ಬದುವಿನ ತನಕ ಕೇಳುವಷ್ಟು ಗಟ್ಟಿಯಾಗಿ. “ನಾನ ಮಾರಿಕೊಂಡು ನೀರು ಹಾಕಿದ್ದೆ. ಮಿಸ್ತ್ರಿ ಕಣ್ಣು ತಪ್ಪಸಾಕ ಆಗಲಿಲ್ಲ.” ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, “ನಿನ್ನ ಗಾಡಿ ಥಂಡ್ಯಾಗ ಸತಾಸಾಕತ್ತೈತಿ ಅಂದ್ಯಲ್ಲ, ನಾಳೆ ತಗೊಂಡು ಬಾ. ಏನೇನು ಮಾಡೀದಿ ಅಂತ ದಾರ್ಯಾಗ ನೆನಪು ಮಾಡಿಕೊಂಡು ಬಾ” ಎಂದರು.

ಜನ ನಕ್ಕರು. ಆ ಡ್ರೈವರನೂ ನಕ್ಕ.

ಬಸ್ಸಿನಲ್ಲಿ ಕೇಳಿದೆ: “ಯಾಕ ಹಂಗ ಅಂದ್ರಿ?”

“ಅಂವ ನಾಳೆ ಬರ್ತಾನ” ಎಂದು ಕಿಟಕಿಯ ಕಡೆ ತಿರುಗಿದರು.

ಬೆಳಗಿನ ರೊಟ್ಟಿ ಹಾಗೇ ಇತ್ತು. ಬಿಸಿ ಅನ್ನ ಮಾಡಿ ಬೇಳೆ ಸಾರು ಕುದಿಸಿದೆ, ಒಂದು ಉಳ್ಳಾಗಡ್ಡಿ ಹೆಚ್ಚಿದೆ. ಇವರು ಸಾರಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಉಂಡರು, ಮೇಲೆ ಅನ್ನ ಮಜ್ಜಿಗೆ. ಖಾರ ಕಡಿಮೆಯಾಗಿದೆ ಎಂದರು. ನನಗೆ ಅನ್ನ ಇಳಿಯಲಿಲ್ಲ, ಮಜ್ಜಿಗೆ ಕುಡಿದೆ. ಇವರೇ ಮೊದಲು ಮಲಗಿದರು, ಮಲಗಿದ ಕೂಡಲೇ ನಿದ್ದೆ ಹತ್ತಿತು.